ಕಾವಲುಭೂಮಿಗೆ ಬೇಲಿಯೋ, ಬಿಡುವೋ?

2025ನೆಯ ಇಸವಿಯ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಅರಣ್ಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತ ವರ್ತಮಾನವು ನಾಡಿನವರೆಲ್ಲರ ಮನಸ್ಸನ್ನು ನೋಯಿಸಿತಷ್ಟೆ. ಅದರ ಮರುತಿಂಗಳಲ್ಲಿಯೇ ಅರಣ್ಯ ಸಚಿವರು ರಾಜ್ಯದ ಕಾಡುಗಳಲ್ಲಿ ದನ, ಕುರಿ, ಆಡುಗಳನ್ನು ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಕೊಳ್ಳುವಂತೆ ಇಲಾಖೆಗೆ ಅಪ್ಪಣೆಯಿತ್ತರು. ಕೂಡಲೆ ರೈತರಿಂದಲೂ ಕುರಿಗಾಹಿಗಳಿಂದಲೂ ಆಕ್ಷೇಪಗಳೆದ್ದವು. ಮಂದೆ ಹೊಕ್ಕ ಕಾಡು ಉಳಿಯದೆಂದು ಒಂದು ಪಕ್ಷದವರೂ, ತಲತಲಾಂತರದಿಂದ ಮೇಯಿಸಿಕೊಂಡು ಬಂದ ನೆಲದಿಂದ ಬಡವನನ್ನು ಹೊರಗಟ್ಟುವುದು ಅನ್ಯಾಯವೆಂದು ಇನ್ನೊಂದು ಪಕ್ಷದವರೂ ವಾದಿಸಿದರು. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು. ಹುಲಿಗೆ ವಿಷವಿಕ್ಕಿದವರಿಗೆ ಶಿಕ್ಷೆಯಾಗತಕ್ಕದ್ದೇ. ಆದರೆ ಹುಲಿಯಿರುವ ದಟ್ಟಡವಿಯನ್ನು ಕಣ್ಣೆದುರಿಗಿಟ್ಟುಕೊಂಡು ಯೋಚಿಸಿದ ನಿಯಮವನ್ನು ಬಯಲುಸೀಮೆಯ ಕುರುಚಲು ನೆಲಕ್ಕೂ ಹಾಗೆಯೇ ಹೊದಿಸಹೊರಟರೆ ಕಾರ್ಯ ಕೆಡುವುದು. ನೆಲವೂ ಉಳಿಯದು, ಕುರಿಯೂ ಉಳಿಯದು. ಇಷ್ಟನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳೂ 62 ಲಕ್ಷದಷ್ಟು ಆಡುಗಳೂ ಇದ್ದವು. 2012ರ ಗಣತಿಯಲ್ಲಿ ಕುರಿಗಳ ಸಂಖ್ಯೆ 96 ಲಕ್ಷವನ್ನು ಮುಟ್ಟಿರಲಿಲ್ಲ. ಇವುಗಳಲ್ಲಿ ಬಹುಪಾಲು ಮೇಯುವುದು ಹುಲಿಯ ಕಾಡಿನಲ್ಲಲ್ಲ. ಚಿತ್ರದುರ್ಗ, ತುಮಕೂರು, ಬಳ್ಳಾರಿ, ಕೊಪ್ಪಳ ಮೊದಲಾದ ಜಿಲ್ಲೆಗಳ ಗೋಮಾಳ, ಕಾವಲು, ಗುಡ್ಡದ ಇಳಿಜಾರು, ಬೆಳೆ ಕೊಯ್ದ ಹೊಲ ಇವುಗಳಲ್ಲಿ. ಕಾರೆ, ಕವಳೆ, ಎಲಚಿ, ಜಾಲಿ, ತುಗ್ಗಲಿಗಳ ಪೊದೆಗಳೂ ಅವುಗಳ ನಡುವೆ ಹುಲ್ಲೂ ಇರುವ ಈ ನೆಲಕ್ಕೆ ನಾವು ಕುರುಚಲು ಕಾಡೆಂದು ಹೆಸರಿಟ್ಟು ಅಸಡ್ಡೆ ಮಾಡಿರುತ್ತೇವೆ. ಚಳ್ಳಕೆರೆಯ ಸೀಮೆಯಲ್ಲಿ ಸರಾಸರಿಯಾಗಿ ವರ್ಷಕ್ಕೆ 500 ಮಿಲಿಮೀಟರು ಮಳೆಯೂ ಬೀಳದು. ಬೀಳುವುದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಗಳಿಗಾಗಿ ಕಾದಿರುವುದು. ಅಷ್ಟು ಅಲ್ಪವೃಷ್ಟಿಯಲ್ಲಿ ಇಷ್ಟು ಜೀವಗಳನ್ನು ಸಾಕಿದ ನೆಲವು ಸಾಮಾನ್ಯವಾದುದಲ್ಲ.

ಮೇವಿನಿಂದ ಈ ನೆಲ ಕೆಡುವುದು ಹೇಗೆ? ಬಾಯಿ ತಗಲಿದೊಡನೆಯೇ ಕೆಡುವುದಿಲ್ಲ. ಹುಲ್ಲಿನ ಬೆಳೆಯುವ ಕುಡಿಯು ಬುಡದಲ್ಲಿರುವುದರಿಂದ ಮೇಲಿನ ಎಲೆಯನ್ನು ಕಡಿದರೆ ಅದು ಮತ್ತೆ ಚಿಗುರಬಲ್ಲುದು. ಹುಲ್ಲೆ, ಚಿಗರಿಗಳು ಸಾವಿರಾರು ವರ್ಷ ಮೇಯ್ದ ನೆಲದಲ್ಲಿ ಹುಲ್ಲು ಈ ವಿದ್ಯೆಯನ್ನು ಕಲಿಯದೆ ಬದುಕುವಂತೆಯೇ ಇರಲಿಲ್ಲ. ಕೆಡುಕು ಇರುವುದು ಕಾಲದಲ್ಲಿ. ಮೊದಲ ಮಳೆಗೆ ಹುಲ್ಲು ಚಿಗುರುವಾಗ ಅದು ಖರ್ಚು ಮಾಡುವುದು ಹಿಂದಿನ ವರ್ಷ ಬೇರಿನಲ್ಲಿ ಕೂಡಿಟ್ಟ ಗಂಟನ್ನು. ಎಲೆ ಬಲಿತು, ಬಿಸಿಲನ್ನುಂಡು, ಆ ಗಂಟನ್ನು ತಿರುಗಿ ತುಂಬುವುದಕ್ಕೆ ಕೆಲವು ವಾರಗಳ ಬಿಡುವು ಬೇಕು. ಆ ವಾರಗಳಲ್ಲಿಯೇ ಹಸಿದ ಮಂದೆ ಬಂದು, ಚಿಗುರಿದಷ್ಟನ್ನೂ ಚಿಗುರಿದಂತೆಲ್ಲ ಬೋಳಿಸಿದರೆ ಬೇರು ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮೂರು ನಾಲ್ಕು ಅಂತಹ ವರ್ಷಗಳಲ್ಲಿ ಬಹುವಾರ್ಷಿಕ ಹುಲ್ಲು ಸಾಯುತ್ತದೆ. ಬೀಜ ಬಲಿತು ಉದುರಿದ ಮೇಲೆ ಅದೇ ಮಂದೆ ಅದೇ ಹುಲ್ಲನ್ನು ಮೇಯ್ದರೆ ಇಷ್ಟು ನಷ್ಟವಿಲ್ಲ. ಎಷ್ಟು ತಲೆ ಮೇಯ್ದವೆಂಬ ಪ್ರಶ್ನೆಗಿಂತ ಯಾವಾಗ ಮೇಯ್ದವೆಂಬ ಪ್ರಶ್ನೆಯೇ ಇಲ್ಲಿ ದೊಡ್ಡದು.

ಎರಡನೆಯದಾಗಿ, ಜಾನುವಾರು ಆರಿಸಿ ತಿನ್ನುತ್ತದೆ. ರುಚಿಯಾದ ಹುಲ್ಲು ಮೊದಲು ಹೋಗಿ, ಅದರ ಸ್ಥಳದಲ್ಲಿ ಊಬಿನ ಹುಲ್ಲು ಬರುವುದು. ಅದರ ಮುಳ್ಳಿನಂತಹ ಊಬು ಕುರಿಯ ಉಣ್ಣೆಗೆ ಸಿಕ್ಕಿ ಚರ್ಮಕ್ಕೂ ಇಳಿಯುವುದನ್ನು ಕುರುಬರೆಲ್ಲರೂ ಬಲ್ಲರು. ಅದೂ ಸವೆದಲ್ಲಿ ಹಂಚಿಹುಲ್ಲು ಉಳಿಯುವುದು. ಪೊರಕೆಗಲ್ಲದೆ ಹೊಟ್ಟೆಗೆ ಅದರಿಂದ ಪ್ರಯೋಜನ ಅಲ್ಪ. ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ಸಸ್ಯಶಾಸ್ತ್ರಜ್ಞರು ಭಾರತದ ಹುಲ್ಲುಗಾವಲುಗಳನ್ನು ವರ್ಗೀಕರಿಸಿ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಕ್ಷಿಣಾಪಥದ ಹುಲ್ಲು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಮವನ್ನು ವಿವರಿಸಿದ್ದಾರೆ. ಪೊದೆಗಳಲ್ಲಿಯೂ ಹೀಗೆಯೇ. ಆಡು ಜಾಲಿಯ ಸಸಿಯನ್ನು ಚಿವುಟುತ್ತದೆ, ತಂಗಡಿಯನ್ನೂ ಬಂದರಿಕೆಯನ್ನೂ ಎಕ್ಕವನ್ನೂ ಮುಟ್ಟದೆ ಬಿಡುತ್ತದೆ. ದೂರದಿಂದ ನೋಡಿದವರಿಗೆ ಗುಡ್ಡ ಹಸುರಾಗಿಯೇ ಕಾಣುವುದು. ಹತ್ತಿರ ಹೋದರೆ ಹಸುರಿನಲ್ಲಿ ಮುಕ್ಕಾಲು ಪಾಲು ಯಾವ ಪ್ರಾಣಿಯೂ ತಿನ್ನದ ಸೊಪ್ಪು.

ಮೂರನೆಯದು ನೆಲದ ಮಾತು, ಇದೇ ಅತಿ ಗಂಭೀರವಾದುದು. ಹುಲ್ಲಿನ ಹೊದಿಕೆಯಿಲ್ಲದ ಕೆಮ್ಮಣ್ಣಿನ ಮೇಲೆ ಮಳೆಯ ಹನಿ ಬಡಿದಾಗ ಮೇಲ್ಪದರವು ಗಾರೆಯಂತೆ ಮೆತ್ತಿಕೊಳ್ಳುವುದು; ಗೊರಸಿನ ತುಳಿತದಿಂದ ಅದರ ಕೆಳಗಿನ ಮಣ್ಣು ಗಟ್ಟಿಯಾಗುವುದು. ಆಗ ನೀರು ಇಂಗದೆ ಹರಿದುಹೋಗುತ್ತದೆ, ಹೋಗುವಾಗ ನಯವಾದ ಮಣ್ಣನ್ನೂ ಬೀಜವನ್ನೂ ಹೊತ್ತುಕೊಂಡು ಹೋಗುತ್ತದೆ. ಮಳೆ ಮೊದಲಿನಷ್ಟೇ ಬಿದ್ದರೂ ಗಿಡದ ಪಾಲಿಗೆ ಬರಗಾಲವೇ. ಮಣ್ಣು ನಿಲ್ಲುವುದು ಮುಳ್ಳುಪೊದೆಯ ಬುಡದಲ್ಲಿ ಮಾತ್ರ; ಪೊದೆಗಳ ನಡುವಿನ ನೆಲ ಬೋಳಾಗಿ ಕಲ್ಲು ಕಾಣತೊಡಗುತ್ತದೆ.

ಈ ಮೂರೂ ಕೂಡಿದಲ್ಲಿ ಬಳ್ಳಾರಿ ಜಾಲಿ ಪ್ರವೇಶಿಸುವುದು. ಅಮೆರಿಕ ಖಂಡದ ಈ ಮರವನ್ನು ಕಳೆದ ಶತಮಾನಕ್ಕೂ ಹಿಂದೆ ನಮ್ಮ ದೇಶಕ್ಕೆ ತಂದವರು ಸೌದೆಗೂ ಬರಡು ನೆಲದ ಹಸುರಿಗೂ ಅದು ಒದಗುವುದೆಂದು ನಂಬಿದ್ದರು. ಸೌದೆ ಸಿಕ್ಕಿತು, ನಿಜ. ಆದರೆ ಅದರ ಸೊಪ್ಪನ್ನು ಕುರಿ ತಿನ್ನದು, ಸಿಹಿಯಾದ ಕಾಯಿಯನ್ನು ಆಸೆಯಿಂದ ತಿನ್ನುವುದು. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯೊಡನೆ ಹೋದಲ್ಲೆಲ್ಲ ಬೀಳುವುದು. ತನ್ನ ಮೇವನ್ನು ಕೆಡಿಸುವ ಗಿಡವನ್ನು ಕುರಿ ತಾನೇ ಗೊಬ್ಬರ ಸಹಿತವಾಗಿ ಬಿತ್ತಿಕೊಂಡು ಹೋಗುವ ವಿಚಿತ್ರ ವ್ಯವಸಾಯವಿದು!

ಇಷ್ಟು ಓದಿದವರು ಕುರಿಯೇ ಅಪರಾಧಿಯೆಂದು ತೀರ್ಪು ಕೊಡುವ ಮೊದಲು ನಮ್ಮದೇ ಚರಿತ್ರೆಯ ಒಂದು ಪುಟವನ್ನು ತೆರೆದು ನೋಡಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನಿಟ್ಟು ಅರಮನೆಯ ದನಗಳಿಗಾಗಿ ಸೀಮೆ ಸೀಮೆಗಳಲ್ಲಿ ಕಾವಲುಗಳನ್ನು ಗೊತ್ತುಪಡಿಸಿದರು. ಹೈದರಲಿಯ ಕಾಲದಲ್ಲಿ ಅದು ಬೆಳೆಯಿತು. ಟೀಪು ಸುಲ್ತಾನನು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟನು. 1799ರ ಅನಂತರ ಇಂಗ್ಲಿಷರು ಈ ಎತ್ತುಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಂದೆಯನ್ನು ಮಾರಿಯೂ ಬಿಟ್ಟರು. ಆರು ವರ್ಷ ಕಳೆಯುವುದರೊಳಗೆ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಸಂಗತಿ. ಆ ಕಾವಲುಗಳೆಲ್ಲವೂ ಒಂದೇ ಬಗೆಯವಾಗಿರಲಿಲ್ಲ. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ವಿಭಾಗಗಳಿದ್ದವು. ಕೆರೆಯಂಗಳದ ಹಸುರೂ ನೆರಳೂ ಇದ್ದ ಕಾವಲು ಬೇಸಗೆಗೆ. ಅಲ್ಲಿ ಮಂದೆಯಿದ್ದಾಗ ಉಳಿದವು ಖಾಲಿ. ಮಂದೆ ಋತುವಿನೊಡನೆ ನಡೆಯುತ್ತಿತ್ತು, ನೆಲ ಸರದಿಯ ಮೇಲೆ ಉಸಿರಾಡುತ್ತಿತ್ತು. ನಾವು ಮೇಲೆ ಬಿಡುವೆಂದು ಕರೆದುದು ಇದನ್ನೇ. ಹೊರದೇಶದ ಶಾಸ್ತ್ರಜ್ಞರು ಸರದಿ ಮೇವೆಂದು ಇಂದು ಉಪದೇಶಿಸುವ ತತ್ತ್ವವು ಮುನ್ನೂರು ವರ್ಷಗಳ ಹಿಂದೆ ಕಡೂರು, ಹಾಸನ, ಚಿತ್ರದುರ್ಗಗಳ ಬಯಲಿನಲ್ಲಿ ಆಚರಣೆಯಲ್ಲಿತ್ತು. ಅರಮನೆಯ ದನಗಳಿಗಾಗಿ ಮಾಡಿದ ಏರ್ಪಾಡು ಅದೆಂಬುದನ್ನೂ, ರೈತನ ದನ ಅಲ್ಲಿ ಹೊಕ್ಕರೆ ದಂಡ ತೆರಬೇಕಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ಆದರೆ ನೆಲವು ಅರಮನೆ ಗುಡಿಸಲುಗಳ ಭೇದವನ್ನರಿಯದು.

ಆ ಕಾವಲುಗಳ ವಿಸ್ತೀರ್ಣ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತು. ಇಂದು ಅದರ ಕಾಲು ಪಾಲೂ ಉಳಿದಿಲ್ಲ. ಹೆಚ್ಚು ಆಹಾರ ಬೆಳೆಯಬೇಕೆಂದು ಕೆಲವನ್ನು ಹಂಚಿದರು; ಒತ್ತುವರಿಯಲ್ಲಿ ಕೆಲವು ಹೋದವು; ನೆಡುತೋಪುಗಳಿಗೆ ಕೆಲವು, ಕಾರಖಾನೆಗಳಿಗೆ ಕೆಲವು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ ಮೊದಲಾದ ಕಡೆಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ, ಅಣುಶಕ್ತಿ ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಬಾಹ್ಯಾಕಾಶ ಸಂಸ್ಥೆಗಳಿಗೆ ಎಂಟು ಸಾವಿರ ಎಕರೆಗೂ ಹೆಚ್ಚು ಕಾವಲುಭೂಮಿ ಸಂದಿತು. ದೇಶಕ್ಕೆ ವಿಜ್ಞಾನ ಬೇಡವೆನ್ನುವ ಅವಿವೇಕ ನಮಗಿಲ್ಲ. ಆದರೆ ಮ್ಯಾಸಬೇಡರ ದೇವರೆತ್ತುಗಳನ್ನೂ ಕಿಲಾರಿಗಳನ್ನೂ, ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕರಿಕುರಿಗಳನ್ನೂ, ಗೊಲ್ಲರ ಹಟ್ಟಿಗಳನ್ನೂ ಕೇಳದೆಯೇ ಗೋಡೆಯೆದ್ದುದು ನ್ಯಾಯವೇ? ಮೊಕದ್ದಮೆ ಹಸಿರು ನ್ಯಾಯಪೀಠದವರೆಗೆ ಹೋಗಿ 2014ರಲ್ಲಿ ತೀರ್ಪಾಯಿತು, ಗೋಡೆ ನಿಂತಿತು. ಗೋಡೆಯ ಹೊರಗೆ ಉಳಿದ ನೆಲದ ಮೇಲೆ ಬಿದ್ದ ಭಾರವನ್ನು ಯಾರೂ ಲೆಕ್ಕ ಹಾಕಲಿಲ್ಲ. ಹತ್ತು ಕಾವಲುಗಳಲ್ಲಿ ತಿರುಗುತ್ತಿದ್ದ ಮಂದೆ ಎರಡರಲ್ಲಿ ನಿಂತಾಗ ಸರದಿಯೆಲ್ಲಿಂದ ಬರಬೇಕು?

ಗೋಮಾಳದ ಕಥೆಯನ್ನೂ ನೋಡಿರಿ. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ ಹನ್ನೆರಡು ಹೆಕ್ಟೇರು, ಎಂದರೆ ಮೂವತ್ತು ಎಕರೆ ಗೋಮಾಳವನ್ನು ಮೀಸಲಿಡತಕ್ಕದ್ದು. ತಲೆಗೆ ಹನ್ನೆರಡು ಗುಂಟೆ ಆಯಿತು. ಒಣಸೀಮೆಯ ನೆಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲು ಒಣಹುಲ್ಲು ದೊರೆಯುವುದೆಂದು ಎಣಿಸಿದರೂ ಹನ್ನೆರಡು ಗುಂಟೆಯಲ್ಲಿ ನೂರಿಪ್ಪತ್ತು ಕಿಲೋ. ದಿನಕ್ಕೆ ಆರು ಕಿಲೋ ತಿನ್ನುವ ನಾಡಹಸುವಿಗೆ ಇಪ್ಪತ್ತು ದಿನದ ಊಟ. ಕಾಯಿದೆ ಪೂರ್ತಿಯಾಗಿ ಪಾಲನೆಯಾದ ಊರಿನ ಲೆಕ್ಕವಿದು. 1991ರಿಂದೀಚೆಗೆ ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುತ್ತ ಬಂದ ಊರುಗಳಲ್ಲಿ ಅಷ್ಟೂ ಇಲ್ಲ. ಎನ್. ಎಸ್. ಜೋಧಾ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಒಣಸೀಮೆಯ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ವಿಚಾರಿಸಿ, 1950ರ ದಶಕದ ಆರಂಭದಿಂದ 1980ರ ದಶಕದವರೆಗೆ ಊರೊಟ್ಟಿನ ನೆಲವು ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕರಗಿತೆಂದು ತೋರಿಸಿಕೊಟ್ಟರು. ಆ ನೆಲದಿಂದ ಹೆಚ್ಚು ಪ್ರಯೋಜನ ಪಡೆಯುತ್ತಿದ್ದವರು ಅತಿ ಬಡವರೆಂಬುದೂ ಅವರ ಶೋಧನೆಯೇ.

ಹೀಗೆ ನೆಲವನ್ನು ಕುಗ್ಗಿಸುವುದು ಮೊದಲ ಹೆಜ್ಜೆ. ಕುಗ್ಗಿದ ನೆಲ ಸವೆಯುವುದು ಎರಡನೆಯದು. ಸವೆದ ನೆಲವನ್ನು ಪಾಳೆಂದು ದಫ್ತರದಲ್ಲಿ ಬರೆದು ಮತ್ತೊಬ್ಬರಿಗೆ ಕೊಡುವುದು ಮೂರನೆಯದು. ಕೇಂದ್ರ ಸರಕಾರವು ಪ್ರಕಟಿಸುವ ಪಾಳುಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲವೂ ಒಂದು ವರ್ಗ! ನಮ್ಮ ಕಂದಾಯದ ಹಳೆಯ ಲೆಕ್ಕದಲ್ಲಿಯೂ ಹುಲ್ಲು ಬೆಳೆಯುವ ನೆಲಕ್ಕೆ ಹುಲ್ಲುಬನ್ನಿ ಖರಾಬು ಎಂಬ ಹೆಸರುಂಟು. ಕಂದಾಯ ಹುಟ್ಟದುದೆಲ್ಲವೂ ಖರಾಬೆಂದ ಪರಕೀಯ ಅಧಿಕಾರಿಯ ದೃಷ್ಟಿಯನ್ನು ಸ್ವತಂತ್ರ ದೇಶದ ಗುಮಾಸ್ತರೂ ಇನ್ನೂ ಕನ್ನಡಕದಂತೆ ಧರಿಸಿರುವುದು ಸೋಜಿಗ.

ಇನ್ನು ಚೇತರಿಕೆಯ ವಿಚಾರ. ಸವೆದ ನೆಲ ತಿರುಗಿ ಎದ್ದೀತೇ? ಎದ್ದೀತು, ಆದರೆ ಎಲ್ಲ ಕಡೆಯೂ ಒಂದೇ ರೀತಿಯಲ್ಲಲ್ಲ. ಬೇರು ಜೀವಂತವಾಗಿರುವ ಕಡೆ ಎರಡು ಮೂರು ಒಳ್ಳೆಯ ಮಳೆಗಾಲಗಳ ಬಿಡುವಿನಲ್ಲಿ ಹುಲ್ಲು ಎದ್ದು ನಿಲ್ಲುವುದು. ಕಡಿದು ಮೇಯ್ದು ಮೊಂಡಾದ ತುಗ್ಗಲಿ, ದಿಂಡಿಗಗಳ ಮೋಟುಗಳು ಮಣ್ಣಿನೊಳಗೆ ಹಲವು ವರ್ಷ ಜೀವ ಹಿಡಿದುಕೊಂಡಿದ್ದು, ಬಾಯಿ ತಪ್ಪಿದೊಡನೆ ಕುಡಿಯೊಡೆಯುವುವು. ಸಸಿ ನೆಟ್ಟು ಹತ್ತು ವರ್ಷದಲ್ಲಿ ಆಗದುದು ಈ ಹಳೆಯ ಬೇರಿನಿಂದ ಮೂರೇ ವರ್ಷದಲ್ಲಿ ಆದೀತು. ನಾವು ಕಸವೆಂದು ಕಡಿಯುವ ಕಾರೆಯ, ಎಲಚಿಯ ಮುಳ್ಳುಪೊದೆ ಇಲ್ಲಿ ದಾದಿಯ ಕೆಲಸ ಮಾಡುವುದು: ಹಕ್ಕಿ ಅದರ ಮೇಲೆ ಕುಳಿತು ಬೀಜ ಉದುರಿಸುತ್ತದೆ, ಅದರ ಬುಡದ ಮಣ್ಣು ತಂಪಾಗಿರುತ್ತದೆ, ಮುಳ್ಳಿನೊಳಕ್ಕೆ ಆಡಿನ ಮೂತಿ ಹೋಗದು. ಪೊದೆಯ ನಡುವಿನಿಂದ ಸಸಿಯ ತಲೆ ಮೇಲಕ್ಕೆ ಬರುವ ಹೊತ್ತಿಗೆ ಅದು ಬಾಯಿಗೆ ಎಟುಕದಷ್ಟು ಎತ್ತರವಾಗಿರುತ್ತದೆ.

ಆದರೆ ಮಣ್ಣೇ ಹೋದಲ್ಲಿ ಕಥೆ ಬೇರೆ. ಒಂದು ಮಿತಿಯನ್ನು ದಾಟಿದ ಮೇಲೆ ಕುರಿಯನ್ನು ಹೊರಗಿಟ್ಟ ಮಾತ್ರಕ್ಕೆ ಒಣನೆಲ ಹಿಂದಿನ ಸ್ಥಿತಿಗೆ ಬಾರದು. ಮಳೆಯ ವರ್ಷ ಕೂಡಿ ಬರಬೇಕು, ಬೀಜದ ತಾಯಿಗಿಡ ಹತ್ತಿರವಿರಬೇಕು, ಹರಿಯುವ ನೀರನ್ನು ಕಲ್ಲಿನ ಬದುವಾದರೂ ತಡೆಯಬೇಕು. 1989ರಲ್ಲಿ ವೆಸ್ಟೊಬಿ, ವಾಕರ್, ನೋಯ್‌ಮೇಯರ್ ಎಂಬ ಮೂವರು ವಿಜ್ಞಾನಿಗಳು ಈ ವಿಚಾರವನ್ನು ಪ್ರತಿಪಾದಿಸಿದ ಮೇಲೆ ಹುಲ್ಲುಗಾವಲಿನ ಶಾಸ್ತ್ರದ ದಿಕ್ಕೇ ಬದಲಾಯಿತು. ಆಡಳಿತ ನಡೆಸುವವರಿಗೆ ಇದರಿಂದ ತಿಳಿಯಬೇಕಾದುದು ಇಷ್ಟು: ಬೇರು ಉಳಿದಿರುವಾಗ ಕೊಟ್ಟ ಒಂದು ವರ್ಷದ ಬಿಡುವು, ಬೇರು ಸತ್ತ ಮೇಲೆ ಸುರಿಯುವ ಹತ್ತು ವರ್ಷದ ಹಣಕ್ಕಿಂತ ಮಿಗಿಲು.

ಇದು ಕೇವಲ ಪುಸ್ತಕದ ಮಾತಲ್ಲ. ನಮ್ಮ ಪಾವಗಡದ ಗಡಿಯಾಚೆ ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದ, ಈಗ ಶ್ರೀ ಸತ್ಯಸಾಯಿ ಜಿಲ್ಲೆಯೆನಿಸಿಕೊಂಡಿರುವ ಸೀಮೆಯಲ್ಲಿ ಕಲ್ಪವಲ್ಲಿಯೆಂಬ ಗುಡ್ಡಗಾಡಿದೆ. 1990ರ ದಶಕದ ಆರಂಭದಲ್ಲಿ ಅದು ಕಲ್ಲು ಕಾಣುವ ಬೋಳುಗುಡ್ಡ. ತಿಂಬಕ್ಟು ಸಂಸ್ಥೆಯ ನೆರವಿನಿಂದ ಸುತ್ತಲಿನ ಹಳ್ಳಿಗಳವರು ಕೂಡಿ ಬೆಂಕಿ ಬೀಳದಂತೆಯೂ ಹಸಿಮರಕ್ಕೆ ಕೊಡಲಿ ತಗಲದಂತೆಯೂ ಕಾವಲಿಟ್ಟರು, ಬೀಜ ಚೆಲ್ಲಿದರು, ಮೇವಿಗೆ ಕಟ್ಟಳೆ ಮಾಡಿದರು. ಕುರಿಯನ್ನು ಹೊರಗೋಡಿಸಲಿಲ್ಲವೆಂಬುದನ್ನು ಗಮನಿಸಬೇಕು. ಸಾವಿರಾರು ಎಕರೆಗಳಲ್ಲಿ ಹುಲ್ಲೂ ಈಚಲೂ ತಾವಾಗಿ ಎದ್ದವು; ಹಳ್ಳಗಳಲ್ಲಿ ನೀರು ಕಂಡಿತು; ಹೊರಗಿನ ಕುರಿಗಾಹಿಗಳೂ ಬರತೊಡಗಿದರು. ಮುಂದೇನಾಯಿತು? ಕಂದಾಯದ ಲೆಕ್ಕದಲ್ಲಿ ಆ ನೆಲ ಪಾಳೆಂದೇ ಉಳಿದಿದ್ದುದರಿಂದ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಂದು ನಿಂತವು. ಯಂತ್ರ ಸಾಗಿಸುವ ರಸ್ತೆಗಾಗಿ ಇಳಿಜಾರನ್ನು ಅಗೆದರು. ಇಪ್ಪತ್ತು ವರ್ಷ ಕಾದ ಹಳ್ಳಿಗರ ಹೆಸರಿನಲ್ಲಿ ಒಂದು ಕಾಗದವೂ ಇರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ರಾಣೆಬೆನ್ನೂರಿನದು. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಲ್ಲಿ ಅಭಯಾರಣ್ಯವನ್ನು ಮಾಡಿ, ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿಯ ತೋಪನ್ನೆಬ್ಬಿಸಿದರು. ಬಯಲಿನಲ್ಲಿ ಬದುಕುವ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಕೃಷ್ಣಮೃಗವು ಮೇವು ಹುಡುಕಿ ರೈತರ ಹೊಲಕ್ಕೆ ನುಗ್ಗತೊಡಗಿತು. ಮರವೆದ್ದರೆ ಕಾಡಾಯಿತೆಂಬ ಭ್ರಾಂತಿಗೆ ತೆತ್ತ ಬೆಲೆಯಿದು. ಮೇವನ್ನು ಶಾಶ್ವತವಾಗಿ ನಿಲ್ಲಿಸುವುದರಲ್ಲಿಯೂ ದೋಷವುಂಟು. ಕಡಿಯುವ ಬಾಯಿಯಿಲ್ಲದೆ ಒಣಗಿದ ಹುಲ್ಲು ರಾಶಿಗೂಡಿ ಹೊಸ ಕುಡಿಯನ್ನು ಉಸಿರುಗಟ್ಟಿಸುವುದು; ಬೇಸಗೆಯಲ್ಲಿ ಒಂದು ಬೀಡಿಯ ಕಿಡಿ ಸಾಕು, ಗುಡ್ಡವೇ ಉರಿಯುವುದು. ಬೇಲಿ ಹಾಕಿ ಬೀಗ ಜಡಿದು ಬಂದ ಅಧಿಕಾರಿ ಹಸುರನ್ನು ಕಾದೆನೆಂದು ತಿಳಿದಿರುವಾಗ ಆತನು ಕೂಡಿಟ್ಟುದು ಬೆಂಕಿಗೆ ಪುಳ್ಳೆಯನ್ನು.

ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು 2022ರಲ್ಲಿಯೇ ಗೊತ್ತುಪಡಿಸಿತು. ಭಾಷಣಗಳಿಗೆ ಇಂತಹ ವರ್ಷಗಳಲ್ಲಿ ಕೊರತೆಯಿರುವುದಿಲ್ಲ. ನಾವು ಸರಕಾರದವರಿಂದ ಅಪೇಕ್ಷಿಸುವುದು ಕಡಮೆ, ಆದರೆ ಖಚಿತವಾದುದು. ಉಳಿದಿರುವ ಕಾವಲುಗಳನ್ನೂ ಗೋಮಾಳಗಳನ್ನೂ ಪಾಳಿನ ಪಟ್ಟಿಯಿಂದ ತೆಗೆದು ಮೇವಿನ ನೆಲವೆಂದು ಬರೆಯಲಿ. ಇನ್ನು ಮುಂದೆ ಒಂದು ಎಕರೆಯನ್ನೂ ಪರಭಾರೆ ಮಾಡಕೂಡದು. 2006ರ ಅರಣ್ಯಹಕ್ಕು ಕಾಯಿದೆಯು ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರದನ್ನು ಸಹ, ಒಪ್ಪಿರುವಾಗ ಸುತ್ತೋಲೆಯಿಂದ ಅದನ್ನು ಕಿತ್ತುಕೊಳ್ಳುವ ಮಾತು ಬಿಡಲಿ. ಪ್ರತಿಯೊಂದು ಗ್ರಾಮದ ಮೇವಿನ ನೆಲವನ್ನು ಮೂರೋ ನಾಲ್ಕೋ ಪಾಲು ಮಾಡಿ, ಒಂದೊಂದು ವರ್ಷ ಒಂದೊಂದು ಪಾಲಿಗೆ ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ ಬಿಡುವು ಕೊಡಲಿ. ಯಾವ ಪಾಲು, ಯಾವ ಮಳೆಯಿಂದ ಯಾವ ಮಳೆಯವರೆಗೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ನಿಶ್ಚಯಿಸಲಾಗದು. ಹಟ್ಟಿಯ ಹಿರಿಯರೂ ಗ್ರಾಮಪಂಚಾಯಿತಿಯವರೂ ಕುಳಿತು ನಿಶ್ಚಯಿಸಲಿ. ಊರೊಟ್ಟಿನ ನೆಲವು ನಾಶವಾಗಿಯೇ ತೀರುವುದೆಂದು 1968ರಲ್ಲಿ ಹಾರ್ಡಿನ್ ಎಂಬವರು ಬರೆದುದನ್ನು ವೇದವಾಕ್ಯವೆಂದು ನಂಬಿದವರು, ಊರವರೇ ಕಟ್ಟಳೆ ಮಾಡಿಕೊಂಡು ಕಾಯಬಲ್ಲರೆಂದು ತೋರಿಸಿದ ಎಲಿನರ್ ಆಸ್ಟ್ರಮ್ ಎಂಬ ವಿದುಷಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆತುದನ್ನೂ ನೆನೆಯಬೇಕು.

ಒಂದು ತೊಡಕನ್ನು ಮಾತ್ರ ಮುಚ್ಚಿಡಲಾಗದು. ಬಿಡುವು ಕೊಡಬೇಕಾದ ತಿಂಗಳುಗಳೇ ಕುರಿಗಾಹಿಗೆ ಅತಿ ಕಷ್ಟದ ತಿಂಗಳುಗಳು. ಸುಗ್ಗಿಯಾದ ಮೇಲಾದರೆ ನೀರಾವರಿ ಸೀಮೆಯ ರೈತರು ತಾವೇ ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವರು, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕಾಸು ಕೊಡುವರು. ಮಳೆಗಾಲದಲ್ಲಿ ಹೊಲಗಳೆಲ್ಲ ಪೈರಿನಿಂದ ತುಂಬಿರುವಾಗ ಇನ್ನೂರು ಕುರಿಗಳನ್ನಿಟ್ಟುಕೊಂಡವನಿಗೆ ಗೋಮಾಳವಲ್ಲದೆ ಗತಿಯಿಲ್ಲ. ಮೂರರಲ್ಲೊಂದು ಪಾಲು ಮುಚ್ಚಿದರೆ ಆ ಕೊರತೆಯನ್ನು ತುಂಬುವವರಾರು? ಬರಗಾಲ ಬಂದಾಗ ಸರಕಾರವು ಗೋಶಾಲೆಗಳನ್ನೂ ಮೇವಿನ ಬ್ಯಾಂಕುಗಳನ್ನೂ ತೆರೆಯುವುದುಂಟು. ಅಷ್ಟು ಹೊತ್ತಿಗೆ ಹುಲ್ಲಿನ ಬೇರು ಸತ್ತು, ಹೊರಗಿನಿಂದ ತರಿಸಿದ ಮೇವಿನ ಬೆಲೆ ಏರಿರುತ್ತದೆ. ಅದೇ ಹಣದಲ್ಲಿ ಒಂದು ಪಾಲನ್ನು ಮಳೆ ಚೆನ್ನಾದ ವರ್ಷಗಳಲ್ಲಿ, ಮುಚ್ಚಿದ ತಿಂಗಳುಗಳ ಮೇವಿಗಾಗಿ, ಆ ಊರಿನ ಕುರಿಗಾಹಿಗಳಿಗೇ ಸಲ್ಲಿಸುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮೂರು ವರ್ಷ ಇದನ್ನು ನಡೆಸಿ ನೋಡಲಿ. ಪಶುಸಂಗೋಪನೆ, ಕಂದಾಯ, ಅರಣ್ಯ ಈ ಮೂರು ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವುದೇ ಇದರಲ್ಲಿ ದೊಡ್ಡ ಕಷ್ಟವೆಂದು ನಮಗೆ ತೋರುತ್ತದೆ. ಕುರಿಗಾಹಿಯನ್ನು ಒಪ್ಪಿಸುವುದು ಅಷ್ಟು ಕಷ್ಟವಾಗಲಾರದು.